ಕವೆಕೊಂಬೆಯ ಹುಂಜ

ಕಲೆಯ ವಿಷಯದಲ್ಲಿ ನಾವು ಆಡುವ ಹೊಗಳಿಕೆಯ ಮಾತುಗಳಲ್ಲಿ 'ತಾನೇ ಕಲಿತವಳು' ಎಂಬುದಕ್ಕೆ ವಿಶೇಷವಾದ ಮರ್ಯಾದೆಯುಂಟು. ಯಾವಳಾದರೊಬ್ಬ ಹೆಂಗಸು ಕಸೂತಿಯನ್ನೋ ಚಿತ್ರವನ್ನೋ ಮರದ ಬೊಂಬೆಯನ್ನೋ ತಂದು ಮುಂದಿಟ್ಟರೆ ನೋಡಬಂದವರು ವಸ್ತುವಿನ ಮೇಲೆ ಕಣ್ಣಿಡುವುದಕ್ಕೆ ಮೊದಲೇ "ಯಾರಲ್ಲಿ ಕಲಿತಿರಿ?" ಎಂದು ಕೇಳುತ್ತಾರೆ. ಯಾರಲ್ಲಿಯೂ ಇಲ್ಲವೆಂಬ ಉತ್ತರ ಬಂದರೆ ಅವರ ಮುಖವು ಅರಳುತ್ತದೆ. ಆ ಅರಳುವಿಕೆಯಲ್ಲಿ ಮೆಚ್ಚುಗೆಯೆಷ್ಟೋ ನೆಮ್ಮದಿಯೂ ಅಷ್ಟೇ ಇರುತ್ತದೆಂದು ನನಗೆ ತೋರುತ್ತದೆ. ಗುರುವಿಲ್ಲದೆ ಹುಟ್ಟಿದ ಕೃತಿಗೆ ತೂಕವನ್ನು ಕಟ್ಟಬೇಕಾದ ಅಗತ್ಯವಿಲ್ಲವಷ್ಟೆ! ಇದು ಚೆನ್ನಾಗಿದೆಯೇ, ಎಲ್ಲಿ ಚೆನ್ನಾಗಿದೆ, ಎಲ್ಲಿ ಸೋತಿದೆ ಎಂದು ವಿಚಾರಿಸುವ ಶ್ರಮ ತಪ್ಪಿತು. ಮಗುವಿನ ತೊದಲುಮಾತನ್ನು ಕೇಳಿ ಸಂತೋಷಪಡುವ ಹಾಗೆ ಸಂತೋಷಪಟ್ಟು ಮುಂದಕ್ಕೆ ಹೋಗಬಹುದು.

ಈ ಮಾತನ್ನು ಸ್ವಲ್ಪ ಕೆದಕಿ ನೋಡಬೇಕೆಂಬುದೇ ನನ್ನ ಉದ್ದೇಶ. ಅದಕ್ಕಾಗಿ ದೂರದೇಶದ ಒಬ್ಬ ಕೆತ್ತನೆಗಾರ್ತಿಯ ಕೃತಿಗಳನ್ನು ತೆಗೆದುಕೊಂಡಿದ್ದೇನೆ. ಅಮೆರಿಕಾ ದೇಶದ ಕೆಂಟಕಿ ರಾಜ್ಯದ ಶ್ರೀಮತಿ ಮಿನ್ನಿ ಆಡ್ಕಿನ್ಸರ ಹೆಸರು ಎಲ್ಲಿ ಬಂದರೂ ಅದರ ಹಿಂದೆಯೇ 'ಸ್ವಯಂಶಿಕ್ಷಿತೆ' ಎಂಬ ವಿಶೇಷಣವು ಬರುತ್ತದೆ. ವಸ್ತುಸಂಗ್ರಹಾಲಯದ ಚೀಟಿಗಳಲ್ಲಿಯೂ ವಿದ್ವಾಂಸರ ಬರಹಗಳಲ್ಲಿಯೂ ಹೀಗೆಯೇ. ಆದರೆ ಅವರ ಒಂದು ಮರದ ಹುಂಜವನ್ನು ಮನಸ್ಸಿಟ್ಟು ನೋಡಿದರೆ ಆ ವಿಶೇಷಣವು ನಿಲ್ಲುವುದು ಕಷ್ಟ.

ಮೊದಲು ಊರಿನ ಮಾತು. ಅಪಲೇಶಿಯನ್ ಪರ್ವತಗಳ ಪಶ್ಚಿಮದ ಮಗ್ಗುಲಿನಲ್ಲಿ, ಕೆಂಟಕಿಯ ಪೂರ್ವಭಾಗದಲ್ಲಿ, ಎಲಿಯಟ್ ಕೌಂಟಿ ಎಂಬುದೊಂದು ಚಿಕ್ಕ ಸೀಮೆ. 2020ರ ಜನಗಣತಿಯಲ್ಲಿ ಇಡೀ ಸೀಮೆಯ ಜನಸಂಖ್ಯೆ 7,500ಕ್ಕೂ ಕಡಿಮೆ. ನಮ್ಮ ಒಂದು ದೊಡ್ಡ ಹೋಬಳಿಯಷ್ಟೂ ಇಲ್ಲ. ಗುಡ್ಡ, ಗುಡ್ಡಗಳ ನಡುವೆ ಕಿರಿದಾದ ಕಣಿವೆ, ಕಣಿವೆಯಲ್ಲಿ ತೊರೆ, ತೊರೆಯ ಪಕ್ಕದಲ್ಲಿ ಅಂಗೈಯಗಲದ ಹೊಲ. ಬಹುಕಾಲ ಹೊಗೆಸೊಪ್ಪೇ ಅಲ್ಲಿಯ ರೈತನ ಕೈಗೆ ಕಾಸನ್ನು ತಂದ ಬೆಳೆ. ಆ ಸೀಮೆಯ ಐಸನ್‌ವಿಲ್ ಎಂಬ ಹಳ್ಳಿಯಲ್ಲಿ 1934ರಲ್ಲಿ ಮಿನ್ನಿಯವರು ಹುಟ್ಟಿದರು. ಆ ಬೆಟ್ಟಸೀಮೆಗಳಲ್ಲಿ ಮಡಿಸುವ ಚಾಕುವಿನಿಂದ ಕಡ್ಡಿ ಹೆರೆಯುತ್ತ ಕೂರುವುದು ಗಂಡಸರ ಹೊತ್ತುಗಳೆಯುವಿಕೆ. ನಮ್ಮಲ್ಲಿ ಅರಳಿಕಟ್ಟೆಯ ಮೇಲೆ ಎಲೆಯಡಕೆ ಹಾಕುತ್ತ ಕುಳಿತಂತೆ. ಈ ಹುಡುಗಿಯ ಕೈಗೂ ಚಾಕು ಬಂದಿತು. ಕವಣೆ, ಬಿಲ್ಲುಬಾಣ ಮೊದಲಾದ ಆಟದ ಸಾಮಾನುಗಳನ್ನು ಕೆತ್ತಿಕೊಂಡು ಆಕೆ ಬೆಳೆದಳು. 1952ರಲ್ಲಿ ಗಾರ್ಲಂಡ್ ಆಡ್ಕಿನ್ಸ್ ಎಂಬುವರೊಡನೆ ಮದುವೆಯಾಯಿತು.

ಮುಂದಿನ ಕಥೆ ಆ ಬೆಟ್ಟಗಳ ಲಕ್ಷಾಂತರ ಮನೆಗಳ ಕಥೆಯೇ. 1940ರಿಂದ 1970ರವರೆಗಿನ ಮೂವತ್ತು ವರ್ಷಗಳಲ್ಲಿ ಸುಮಾರು 30 ಲಕ್ಷ ಜನ ಅಪಲೇಶಿಯದ ಗುಡ್ಡಗಳನ್ನು ಬಿಟ್ಟು ಉತ್ತರದ ಕಾರ್ಖಾನೆಯ ಊರುಗಳಿಗೆ ಹೊಟ್ಟೆಪಾಡಿಗೆ ಹೋದರು. ಆಡ್ಕಿನ್ಸ್ ದಂಪತಿಗಳು 1968ರಲ್ಲಿ ಓಹಾಯೋ ರಾಜ್ಯದ ಡೇಟನ್ ನಗರಕ್ಕೆ ಹೋಗಿ, 1983ರಲ್ಲಿ ಎಲಿಯಟ್ ಸೀಮೆಗೆ ಹಿಂದಿರುಗಿದರು. ನಗರದಲ್ಲಿ ಇದ್ದಾಗಲೂ ಚಾಕು ಕೈಬಿಡಲಿಲ್ಲ. ಹಳೆಯ ಸಾಮಾನಿನ ಸಂತೆಗಳಲ್ಲಿ ಪುಟ್ಟ ಹುಂಜಗಳನ್ನು ಅಲ್ಪಬೆಲೆಗೆ ಮಾರುತ್ತಿದ್ದರು. ಊರಿಗೆ ಮರಳಿದ ಮೇಲೆ, ನೆರೆಯ ಮೋರ್‌ಹೆಡ್ ಎಂಬ ಪಟ್ಟಣದ ವಿಶ್ವವಿದ್ಯಾನಿಲಯವು 1985ರ ಸುಮಾರಿಗೆ ಜಾನಪದ ಕಲಾಕೃತಿಗಳನ್ನು ಕೂಡಿಸತೊಡಗಿದಾಗ, ಈಕೆಯ ಕೈಗೆಲಸ ವಿದ್ವಾಂಸರ ಕಣ್ಣಿಗೆ ಬಿತ್ತು. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಜೀವನಚರಿತ್ರೆ ಇಷ್ಟು ಸಾಕು. ಇನ್ನು ಹುಂಜವನ್ನು ನೋಡೋಣ.

ಆಡ್ಕಿನ್ಸರ ಹುಂಜವು ಕವಲೊಡೆದ ಕೊಂಬೆಯಿಂದ ಹುಟ್ಟುತ್ತದೆ. ಕವೆಯ ಒಂದು ಕವಲು ಕೊರಳೂ ತಲೆಯೂ ಆಗುತ್ತದೆ. ಇನ್ನೊಂದು ಕವಲು ಎತ್ತಿದ ಬಾಲವಾಗುತ್ತದೆ. ಕವಲುಗಳೆರಡೂ ಕೂಡುವ ದಪ್ಪನೆಯ ಸಂದೇ ಒಡಲು. ಚಾಕು ಮಾಡಬೇಕಾದದ್ದು ಬಹಳ ಕಡಿಮೆ. ತೊಗಟೆಯನ್ನು ಹೆರೆದು, ಕೊಕ್ಕನ್ನು ಚೂಪುಮಾಡಿ, ಜುಟ್ಟಿಗೆ ನಾಲ್ಕು ಕಚ್ಚು ಕೊಟ್ಟು, ಎದೆಯನ್ನು ತುಸು ದುಂಡಗೆ ತಿರುಗಿಸಿದರೆ ಆಯಿತು. ನೋಡುವವನಿಗೆ ಮೊದಲು ನಗು ಬರುತ್ತದೆ. ಎದೆಯನ್ನು ಮುಂದಕ್ಕೆ ನೂಕಿ, ಕೊರಳನ್ನು ನಿಗುರಿಸಿಕೊಂಡು, ಊರಿನ ಬೆಳಗೆಲ್ಲ ತನ್ನಿಂದಲೇ ಆಗತಕ್ಕದ್ದೆಂಬಂತೆ ಅದು ನಿಂತಿದೆ. ಕೂಗಿದ ಹುಂಜವಲ್ಲ ಅದು, ಕೂಗುವುದಕ್ಕೆ ಉಸಿರೆಳೆದುಕೊಂಡ ಹುಂಜ. ಆ ಬಿಗುವು ಎಲ್ಲಿಂದ ಬಂತೆಂದು ಹುಡುಕಿದರೆ ಚಾಕುವಿನ ಗುರುತುಗಳಲ್ಲಿ ಅದು ಸಿಕ್ಕುವುದಿಲ್ಲ. ಬೆಳಕಿಗಾಗಿ ಮೇಲಕ್ಕೆ ಚಾಚಿಕೊಂಡ ಕೊಂಬೆಯ ಬಿಗುವು ಅದು. ಬೆಳೆಯುವಾಗ ಮರವು ಪಟ್ಟ ಪ್ರಯಾಸವನ್ನು ಕೆತ್ತನೆಗಾರ್ತಿಯು ಹಾಗೆಯೇ ಹಕ್ಕಿಗೆ ವಹಿಸಿಕೊಟ್ಟಿದ್ದಾರೆ.

ಇಲ್ಲಿ ಮರಗೆಲಸದ ಒಂದು ಸಂಗತಿಯನ್ನು ಹೇಳಬೇಕು. ಹಲಗೆಯನ್ನು ಕೊಯ್ದು ಅದರಿಂದ ಇಂತಹ ಹುಂಜವನ್ನು ಕೆತ್ತಿದರೆ ಕೊರಳು ಉಳಿಯುವುದಿಲ್ಲ. ಹಲಗೆಯಲ್ಲಿ ಮರದ ಎಳೆಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಒಡಲಿನ ದಿಕ್ಕಿಗೆ ಎಳೆಯಿದ್ದರೆ ಎತ್ತಿದ ಕೊರಳಿಗೆ ಅದು ಅಡ್ಡವಾಗುತ್ತದೆ. ಅಡ್ಡ ಎಳೆಯ ತೆಳುವಾದ ಭಾಗವು ಒಂದು ಪೆಟ್ಟಿಗೆ ಲಟಕ್ಕನೆ ಮುರಿಯುತ್ತದೆ. ಸಹಜವಾದ ಕವೆಯಲ್ಲಿಯಾದರೋ ಎಳೆಗಳು ಕಾಂಡದಿಂದ ಹೊರಟು ಎರಡು ಕವಲುಗಳಿಗೂ ತಿರುಗಿಕೊಂಡು ಅವಿಚ್ಛಿನ್ನವಾಗಿ ಸಾಗುತ್ತವೆ. ಆದಕಾರಣ ಬೆರಳುಗಾತ್ರದ ಕೊರಳು ಕೂಡ ಗಟ್ಟಿಯಾಗಿ ನಿಲ್ಲುತ್ತದೆ. ಮಗುವೊಂದು ಆ ಹುಂಜವನ್ನು ಕೊರಳು ಹಿಡಿದೇ ಎತ್ತಬಹುದು.

ಇದನ್ನು ಆಡ್ಕಿನ್ಸರಿಗೆ ಯಾರು ಕಲಿಸಿದರು? ಶಾಲೆಯಿಲ್ಲ, ಗುರುವಿಲ್ಲ, ನಿಜ. ಆದರೆ ಬೆಟ್ಟದ ಬೇಸಾಯಗಾರನ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರತಕ್ಕ ಸಂಗತಿ. ಕಡಿದಾದ ಹೊಲದಲ್ಲಿ ಗಾಲಿಯ ಬಂಡಿ ನಡೆಯದ ಕಡೆ ಆ ಸೀಮೆಯ ರೈತರು ಜಾರುಬಂಡಿಯನ್ನು ಎಳೆಯಿಸುತ್ತಿದ್ದರು. ಅದರ ಅಡಿಮರಕ್ಕೆ ತಾನಾಗಿ ಬಾಗಿ ಬೆಳೆದ ಮರವನ್ನೇ ಹುಡುಕಿ ತರುತ್ತಿದ್ದರು. ನೇರವಾದ ಮರವನ್ನು ಕಡಿದು ಬಾಗಿಸಿದರೆ ಬಾಳಿಕೆ ಬಾರದೆಂದು ಅವರು ಬಲ್ಲರು. ನಮ್ಮ ಬಡಗಿಯೂ ನೇಗಿಲಿಗೆ ಮರ ಆರಿಸುವಾಗ ಕಾಡಿನಲ್ಲಿ ನಿಂತು ಕೊಂಬೆಯ ಬಾಗನ್ನೇ ನೋಡುತ್ತಾನೆ. ಆ ನೋಟವನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ, ಹಾಗೆಂದು ಅವನು ತಾನೇ ಕಂಡುಹಿಡಿದದ್ದೂ ಅಲ್ಲ. ಕವಣೆಗೆ ಕವೆಯನ್ನು ಆರಿಸಿದ ಹುಡುಗಿಗೆ ಯಾವ ಕವಲು ತಡೆಯುತ್ತದೆ, ಯಾವುದು ಸೀಳುತ್ತದೆ ಎಂಬುದು ಬೆರಳಿಗೆ ಗೊತ್ತಾಗಿರುತ್ತದೆ. ಆ ಹುಡುಗಿ ಬೆಳೆದು ಹುಂಜ ಕೆತ್ತಿದಾಗ ನಲವತ್ತು ವರ್ಷಗಳ ವಿದ್ಯಾಭ್ಯಾಸವು ಅದರ ಹಿಂದೆ ಇದ್ದಿತು. ಕವೆಯ ಗುಣ ಊರಿಗೆಲ್ಲ ಗೊತ್ತಿದ್ದದ್ದು. ಕವೆಯೊಳಗೆ ಹುಂಜವಿದೆಯೆಂದು ಕಂಡದ್ದು ಆಕೆಯ ಸ್ವಂತದ್ದು. ಇವೆರಡನ್ನೂ ಬೇರೆಬೇರೆಯಾಗಿ ಹೇಳದೆ 'ಸ್ವಯಂಶಿಕ್ಷಿತೆ' ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಊರಿನ ಜ್ಞಾನಕ್ಕೂ ಅನ್ಯಾಯ, ಆಕೆಯ ಬುದ್ಧಿಗೂ ಅನ್ಯಾಯ.

ಏಕಲವ್ಯನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಕಾಡಿನ ಆ ಹುಡುಗನೂ ತಾನೇ ಕಲಿತೆನೆಂದು ಹೇಳಿಕೊಳ್ಳಲಿಲ್ಲ. ಕೇಳಿದವರಿಗೆ ದ್ರೋಣನ ಶಿಷ್ಯನೆಂದನು. ಆ ಕಥೆಯ ಇನ್ನೊಂದು ಭಾಗವೂ ಮುಂದೆ ಬೇಕಾಗುತ್ತದೆ.

ಹುಂಜದ ಬಳಿಕ ಹೆಸರಾದವು ನರಿ ಮತ್ತು ಕರಡಿ. ಕೆಂಪುನರಿಯಲ್ಲಿ ಆಡ್ಕಿನ್ಸರ ಕೈ ಬಹಳ ಚೆನ್ನಾಗಿ ಕೆಲಸಮಾಡಿದೆ. ಮೂತಿ ಉದ್ದ, ಒಡಲು ಸಪುರ, ಬಾಲ ನೇರವಾಗಿ ಹಿಂದಕ್ಕೆ. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಒಂದೇ ಗೆರೆ. ಕೋಳಿಗೂಡಿನ ಕಡೆಗೆ ಹೋಗುವ ನರಿಯನ್ನು ಹಿತ್ತಿಲ ಬಾಗಿಲಿನಿಂದ ಕಂಡವರು ಮಾತ್ರ ಹೀಗೆ ಕೆತ್ತಬಲ್ಲರು. ಅದರಲ್ಲಿ ಮಮತೆಯೂ ಇಲ್ಲ, ದ್ವೇಷವೂ ಇಲ್ಲ. ನೆರೆಯ ಕಳ್ಳನ ಗುರುತನ್ನು ಹೇಳುವವರ ಖಚಿತತೆ ಇದೆ. ಕರಡಿಯ ವಿಷಯ ಬೇರೆ. ಅದರ ಕರಿಯ ಮೈಯೂ ಬಿಳಿಯ ಹಲ್ಲೂ ಕಥೆ ಕೇಳುವ ಮಗುವನ್ನು ಹೆದರಿಸುವುದಕ್ಕೆ ಮಾಡಿದವು. ಹಾಗೆ ಹೆದರಿಸಿ ಕೊನೆಗೆ ನಗಿಸುವವು. ಹುಲಿಯನ್ನೂ ಅವರು ಕೆತ್ತಿದ್ದಾರೆ. ಕೆಂಟಕಿಯ ಕಾಡಿನಲ್ಲಿ ಹುಲಿ ಎಲ್ಲಿಯದು! ಆ ಹುಲಿಗೆ ನರಿಯ ಖಚಿತತೆ ಇಲ್ಲ. ಪಟ್ಟೆ ಬಳಿದ ದೊಡ್ಡ ಬೆಕ್ಕಿನಂತಿದೆ. ಅದು ನನಗೆ ಸಂತೋಷವನ್ನೇ ಕೊಟ್ಟಿತು. ಕಂಡ ಪ್ರಾಣಿಗೂ ಕೇಳಿದ ಪ್ರಾಣಿಗೂ ಇರುವ ವ್ಯತ್ಯಾಸವು ಮರದಲ್ಲಿ ಇಷ್ಟು ಪ್ರಾಮಾಣಿಕವಾಗಿ ಮೂಡುವುದು ಅಪೂರ್ವ.

ಆದರೆ ಎಲ್ಲವನ್ನೂ ಹೊಗಳುವುದಾದರೆ ನಾನು ಆಕ್ಷೇಪಿಸಿದ ಆ ಅರಳುವ ಮುಖದವರ ಸಾಲಿಗೆ ನಾನೂ ಸೇರಿದಂತಾಯಿತು. ಬೈಬಲ್ಲಿನ ಕಥೆಗಳನ್ನು ಕುರಿತ ಅವರ ಕೆತ್ತನೆಗಳು ಬಹಳ ಮೆಚ್ಚುಗೆ ಪಡೆದಿವೆ. ನನಗೆ ಅವು ಅಷ್ಟಾಗಿ ರುಚಿಸಲಿಲ್ಲ. ನೋವನ ನಾವೆಯಲ್ಲಿ ಪ್ರಾಣಿಗಳು ಜೋಡಿಜೋಡಿಯಾಗಿ ನಿಲ್ಲಬೇಕು. ಜೋಡಿಯಾದ ಕೂಡಲೆ ಒಂದರ ಪ್ರತಿಯಾಗಿ ಮತ್ತೊಂದು ಬರಬೇಕಾಗುತ್ತದೆ. ಒಂದು ಕವೆಗೆ ಸಮನಾದ ಇನ್ನೊಂದು ಕವೆ ಯಾವ ಕಾಡಿನಲ್ಲಿಯೂ ಇಲ್ಲ; ಆದುದರಿಂದ ಕೊಯ್ದ ಮರಕ್ಕೆ ಕೈ ಹಾಕಲೇಬೇಕು. ಕೊಂಬೆಯು ತನ್ನ ಕಡೆಯಿಂದ ಕೊಡುತ್ತಿದ್ದ ಸಹಾಯವು ಅಲ್ಲಿಗೆ ತಪ್ಪಿತು. ನರರೂಪಗಳಲ್ಲಿ ಈ ಕೊರತೆ ಇನ್ನೂ ಸ್ಪಷ್ಟ. ಎದುರುಮುಖವಾಗಿ, ಕೈಗಳನ್ನು ಮೈಗೆ ಅಂಟಿಸಿಕೊಂಡು, ಮನುಷ್ಯರು ಮರದ ಗೂಟಗಳಂತೆಯೇ ನಿಲ್ಲುತ್ತಾರೆ. ಇದನ್ನು ಮುಗ್ಧಶೈಲಿಯೆಂದು ಸಮರ್ಥಿಸುವ ವಿಮರ್ಶಕರು ಉಂಟು. ನರಿಯಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಕಣ್ಣು ಮನುಷ್ಯನ ಬಳಿಗೆ ಬಂದಾಗ ಮುಗ್ಧವಾಯಿತೆಂದರೆ ನಾನು ಒಪ್ಪಲಾರೆ; ಅಲ್ಲಿ ಕೈ ಸೋತಿತು ಎನ್ನುವುದೇ ಕಲಾವಿದೆಗೆ ಸಲ್ಲಿಸಬೇಕಾದ ಗೌರವ.

ಒಂದೇ ಹುಂಜವನ್ನು ಮತ್ತೆ ಮತ್ತೆ ಕೆತ್ತಿದರೆಂಬ ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಸಹಾನುಭೂತಿಯಿಲ್ಲ. ಪ್ರತಿದಿನವೂ ಅದೇ ರಾಗವನ್ನು ಹಾಡುವ ವಿದ್ವಾಂಸನನ್ನು ಯಾರೂ ಹಾಗೆ ದೂರುವುದಿಲ್ಲ.

ಇನ್ನು ಈ 'ಸ್ವಯಂಶಿಕ್ಷಿತ' ಎಂಬ ಹೆಸರನ್ನು ಕೊಡುವವರು ಯಾರೆಂದು ನೋಡಬೇಕು. ಕೆತ್ತುವವರಂತೂ ಅದನ್ನು ಕೊಟ್ಟುಕೊಳ್ಳುವುದಿಲ್ಲ. ಅಮೆರಿಕಾದಲ್ಲಿ ಇದಕ್ಕೊಂದು ಚರಿತ್ರೆಯುಂಟು. 1932ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ಹೋಲ್ಗರ್ ಕೇಹಿಲ್ ಎಂಬುವರು ಸಾಮಾನ್ಯಜನರ ಕಲೆಯೆಂಬ ಹೆಸರಿನಿಂದ ಒಂದು ದೊಡ್ಡ ಪ್ರದರ್ಶನವನ್ನು ನಡೆಸಿದರು. ಆದರೆ ಅಲ್ಲಿಟ್ಟ ವಸ್ತುಗಳು 1750ರಿಂದ 1900ರವರೆಗಿನವು. ಮಾಡಿದವರು ಸತ್ತುಹೋಗಿದ್ದರು, ಎದುರು ಮಾತನಾಡುವಂತಿರಲಿಲ್ಲ. ಬದುಕಿರುವವರ ಸರದಿ ಬಂದದ್ದು ಆಮೇಲೆ. ಎಲಿಯಟ್ ಸೀಮೆಗೆ ಬಹುದೂರವಲ್ಲದ ಕ್ಯಾಂಪ್ಟನ್ ಎಂಬ ಊರಿನಲ್ಲಿ ಎಡ್ಗರ್ ಟೋಲ್ಸನ್ (1904–1984) ಎಂಬ ವೃದ್ಧರು ಮರದ ಮನುಷ್ಯರನ್ನು, ವಿಶೇಷವಾಗಿ ಆದಾಮ ಹವ್ವರನ್ನು, ಕೆತ್ತುತ್ತಿದ್ದರು. 1960ರ ದಶಕದಲ್ಲಿ ಬಡತನ ನಿವಾರಣೆಯ ಕೆಲಸಕ್ಕೆಂದು ಬೆಟ್ಟಗಳಿಗೆ ಬಂದ ತರುಣರು ಅವನ್ನು ಹೊರಗಿನವರಿಗೆ ತೋರಿಸಿದರು. ಒಬ್ಬ ವಿಶ್ವವಿದ್ಯಾನಿಲಯದ ಶಿಲ್ಪಿ ಅವನ್ನು ಸಂಗ್ರಾಹಕರಿಗೆ ಮುಟ್ಟಿಸಿದರು. 1973ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ದ್ವೈವಾರ್ಷಿಕ ಪ್ರದರ್ಶನದಲ್ಲಿ ನಿಂತವು. ಆಡ್ಕಿನ್ಸರು ತಮ್ಮ ಹುಂಜಗಳನ್ನು ಹೊರಗೆ ತರುವ ಹೊತ್ತಿಗೆ, ಬೆಟ್ಟದ ಮರಗೆತ್ತನೆಯನ್ನು ಕಲೆಯೆಂದು ಕೊಳ್ಳತಕ್ಕ ಜನ ಆಗಲೇ ಸಿದ್ಧವಾಗಿದ್ದರು. ಮಾರುವ ವಿದ್ಯೆಯಲ್ಲಿಯೂ ಯಾರೂ ಬರಿಗೈಯಿಂದ ಪ್ರಾರಂಭಿಸುವುದಿಲ್ಲ.

ಅದೇ ಅಪಲೇಶಿಯನ್ ಪರ್ವತಗಳಲ್ಲಿ, ದಕ್ಷಿಣಕ್ಕೆ ನಾರ್ತ್ ಕೆರೊಲೈನಾ ರಾಜ್ಯದ ಬ್ರಾಸ್‌ಟೌನಿನಲ್ಲಿ, ಕೆತ್ತನೆಯನ್ನು ಕಲಿಸಿದ ಊರೂ ಇದೆ. ಆಲಿವ್ ಡೇಮ್ ಕ್ಯಾಂಬೆಲ್ ಎಂಬ ಮಹಿಳೆ 1925ರಲ್ಲಿ ಡೆನ್ಮಾರ್ಕಿನ ಜನಪದಶಾಲೆಗಳನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿ ಒಂದು ಶಾಲೆಯನ್ನು ತೆರೆದರು. ಊರಿನ ಅಂಗಡಿಯ ಮುಂದಿನ ಬೆಂಚನ್ನು ಹೊತ್ತುಹೋಗದ ಗಂಡಸರು ಚಾಕುವಿನಿಂದ ಕೆತ್ತಿ ಕೆತ್ತಿ ಸವೆಸಿಬಿಟ್ಟಿದ್ದರಂತೆ. ಅದನ್ನು ಕಂಡು, ಈ ಕೈಗಳಿಗೆ ಕೆಲಸ ಕೊಟ್ಟರೆ ಆದೀತೆಂದು ಆಕೆಗೆ ಹೊಳೆಯಿತೆಂದು ಹೇಳುತ್ತಾರೆ. 1930ರ ದಶಕದಿಂದ ಮ್ಯೂರಿಯಲ್ ಮಾರ್ಟಿನ್ ಎಂಬ ಶಿಕ್ಷಕಿಯ ಮೇಲ್ವಿಚಾರಣೆಯಲ್ಲಿ ಬೆಟ್ಟದ ಗಂಡಸರೂ ಹೆಂಗಸರೂ ಹಂಸ, ಹಂದಿ, ಹೇಸರಗತ್ತೆಗಳನ್ನು ಕೆತ್ತಿದರು. ಮಾದರಿಗೆ ತಕ್ಕಂತೆ ಕೊಯ್ದ ಮರವನ್ನು ಶಾಲೆಯಿಂದ ಮನೆಗೆ ಒಯ್ಯುವುದು, ಅಡಿಗೆ ಮಾಡಿ ಮಕ್ಕಳನ್ನು ಮಲಗಿಸಿದ ಮೇಲೆ ಕೆತ್ತುವುದು, ಮತ್ತೆ ಶಾಲೆಗೆ ತಂದೊಪ್ಪಿಸಿ ಹಣ ಪಡೆಯುವುದು. ಎಷ್ಟೋ ಸಂಸಾರಗಳ ಸಾಲ ಅದರಿಂದ ತೀರಿತು. ಆ ಪ್ರಾಣಿಗಳು ನಯವಾಗಿವೆ, ಅಂಗಪ್ರಮಾಣದಲ್ಲಿ ನಿರ್ದುಷ್ಟವಾಗಿವೆ. ಆದರೂ ಬ್ರಾಸ್‌ಟೌನಿನ ಒಬ್ಬ ಹೆಂಗಸಿನ ಹೆಸರು ಆಡ್ಕಿನ್ಸರ ಹೆಸರಿನಷ್ಟು ದೂರ ಹೋಗಲಿಲ್ಲ. ಅಲ್ಲಿಯ ಕೆಲಸವು 'ಬ್ರಾಸ್‌ಟೌನ್ ಕೆತ್ತನೆಗಾರರು' ಎಂಬ ಒಟ್ಟು ಹೆಸರಿನಲ್ಲಿಯೇ ಪ್ರಸಿದ್ಧವಾಯಿತು. ಕಲಿಸಿಕೊಂಡದ್ದಕ್ಕೆ ಅವರು ಹೆಸರನ್ನು ತೆತ್ತರೆಂದು ಹೇಳಬೇಕೆ? ನಮ್ಮ ಸಾಗರ ಸೊರಬಗಳ ಗುಡಿಗಾರರ ಮನೆಗಳಲ್ಲಿ ಬೆಂಡಿನ ಬಾಸಿಂಗವನ್ನು ಕಟ್ಟುವ ಹೆಣ್ಣುಮಕ್ಕಳ ಹೆಸರನ್ನು ಆ ಬಾಸಿಂಗ ತೊಟ್ಟು ಮದುವೆಯಾದ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕೊಳ್ಳುವವರ ರುಚಿಯು ಬೆಟ್ಟದ ಕುಶಲಿಗಳನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಅದೇ ದೇಶದ ಇನ್ನೊಂದು ಪರ್ವತಗ್ರಾಮ ಸಾಕ್ಷಿ. ಪಶ್ಚಿಮದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಕಾರ್ಡೋವ ಎಂಬ ಸ್ಪ್ಯಾನಿಷ್ ಮಾತಿನ ಹಳ್ಳಿಯಿದೆ. ಅಲ್ಲಿಯ ಹೋಸೆ ದೊಲೋರೆಸ್ ಲೋಪೆಸ್ (1868–1937) ರೈತ, ಬಡಗಿ. ಮೊದಲನೆಯ ಮಹಾಯುದ್ಧಕ್ಕೆ ಮಗನನ್ನು ಕರೆದುಕೊಂಡು ಹೋದ ಮೇಲೆ ರಾತ್ರಿ ನಿದ್ದೆ ಬಾರದೆ, ಚಿಂತೆ ಕಳೆಯುವುದಕ್ಕೆಂದು ಕೆತ್ತಲಾರಂಭಿಸಿದರೆಂದು ಅವರ ಕುಟುಂಬದವರು ಹೇಳುತ್ತ ಬಂದಿದ್ದಾರೆ. ತಾವು ಮಾಡಿದ ಪೆಟ್ಟಿಗೆ ಕಪಾಟುಗಳಿಗೆ ಅವರು ಮನೆಗೆ ಬಳಿಯುವ ಢಾಳಾದ ಬಣ್ಣವನ್ನೇ ಬಳಿಯುತ್ತಿದ್ದರು. 1920ರ ದಶಕದಲ್ಲಿ ಸಾಂತಾ ಫೆ ಪಟ್ಟಣದ ಚಿತ್ರಕಾರರೂ ಲೇಖಕರೂ ಅವರನ್ನು ಕಂಡುಹಿಡಿದು, ಕೃತಿಗಳನ್ನು ಮೆಚ್ಚಿ, ಬಣ್ಣ ಮಾತ್ರ ಬೇಡವೆಂದರು. ಲೋಪೆಸರು ಬಣ್ಣವನ್ನು ಬಿಟ್ಟರು. ಇಲ್ಲಿ ಏಕಲವ್ಯನ ಕಥೆಯ ಉತ್ತರಾರ್ಧವು ನೆನಪಾಗದೆ ಇರದು. ಕಲಿಸದೆ ಇದ್ದ ಗುರುಗಳು ಬಂದು ದಕ್ಷಿಣೆ ಕೇಳಿದರು.

ಆದರೆ ಲೋಪೆಸರು ಬೆರಳು ಕಳೆದುಕೊಂಡವರಂತೆ ಸುಮ್ಮನೆ ಕೂರಲಿಲ್ಲ. ಬಣ್ಣ ಹೋದ ಬರಿಯ ಮರದ ಮೇಲೆ ಸಣ್ಣ ಸಣ್ಣ ಕಚ್ಚುಗಳಿಂದ ಎಲೆ, ಸುಳಿ, ಮಣಿಸಾಲುಗಳನ್ನು ತುಂಬಿದರು. ನೆರಳೇ ಬಣ್ಣದ ಕೆಲಸ ಮಾಡುವಂತಾಯಿತು. ಅವರ ಮಗ ಜಾರ್ಜ್ ಲೋಪೆಸರಿಗೆ 1982ರಲ್ಲಿ ರಾಷ್ಟ್ರದ ಪುರಸ್ಕಾರವೇ ಬಂದಿತು. ಮುಂದಿನ ತಲೆಮಾರಿನಲ್ಲಿ ಆ ಮನೆತನದ ಹೆಂಗಸರೂ ಕೆತ್ತುವವರಾದರು.

ಈಗ ವಿಚಿತ್ರವನ್ನು ನೋಡಿರಿ. ಅರವತ್ತು ವರ್ಷ ಕಳೆದ ಮೇಲೆ ಅದೇ ಬಗೆಯ ಜನ, ಅಂದರೆ ಓದು ಬರಹ ಬಲ್ಲ ಪಟ್ಟಣಿಗ ಸಂಗ್ರಾಹಕರು, ಕೆಂಟಕಿಯ ಬೆಟ್ಟಕ್ಕೆ ಬಂದು ಆಡ್ಕಿನ್ಸರ ಬಣ್ಣದ ಹುಂಜಗಳನ್ನು ಕಂಡು ಮರುಳಾದರು. ನೀಲಿಯ ಹುಂಜ! ಪ್ರಕೃತಿಯಲ್ಲಿ ಇಲ್ಲದ ನೀಲಿ. ಒಂದು ಕಾಲದಲ್ಲಿ ಗ್ರಾಮ್ಯವೆಂದು ತೆಗೆಸಿದ ಬಣ್ಣವೇ ಇನ್ನೊಂದು ಕಾಲದಲ್ಲಿ ಗ್ರಾಮ್ಯವೆಂದು ಪೂಜೆಗೊಂಡಿತು. ಬಣ್ಣದ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಹೀಗೆ: ಹುಂಜಕ್ಕೆ ಅದು ಒಪ್ಪುತ್ತದೆ, ಏಕೆಂದರೆ ಹುಂಜವು ಸ್ವಭಾವತಃ ಆಡಂಬರದ ಪ್ರಾಣಿ. ಎಲ್ಲ ಪ್ರಾಣಿಗಳಿಗೂ ಅದು ಒಪ್ಪುತ್ತದೆಂದು ಹೇಳಲಾರೆ. ಕೆಲವು ಕಡೆ ಮರದ ಎಳೆಯನ್ನು ಬಣ್ಣವು ನುಂಗಿಬಿಟ್ಟಿದೆ.

ಆಡ್ಕಿನ್ಸರ ವಿಷಯದಲ್ಲಿ ಹೆಚ್ಚು ಜನ ಬರೆಯಬೇಕಾಗಿದ್ದ, ಆದರೆ ಕಥೆಯ ಬಾಲದಂತೆ ಮಾತ್ರ ಹೇಳಿ ಬಿಡುವ ಸಂಗತಿಯೊಂದಿದೆ. ತಾವು ಯಾರಿಂದಲೂ ಕಲಿಯಲಿಲ್ಲವೆನ್ನಿಸಿಕೊಂಡ ಈ ಹೆಂಗಸು ಊರಿಗೆ ಕಲಿಸಿದರು. ಪಕ್ಕದ ಮನೆಯ ಲಿನ್‌ವೆಲ್ ಬಾರ್ಕರ್ (1929–2004) ಇಂಡಿಯಾನದ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಬೆಟ್ಟಕ್ಕೆ ಹಿಂದಿರುಗಿದವರು. ಅವರ ಕೈಗೆ ಚಾಕು ಕೊಟ್ಟು ಕೆತ್ತಲು ಹುರಿದುಂಬಿಸಿದವರು ಈಕೆ. ಬಾರ್ಕರರ ಪತ್ನಿ ಲಿಲಿಯನ್ ಕೂಡ ಬಣ್ಣದ ಕೆಲಸಕ್ಕೆ ತೊಡಗಿದರು. ಇವರಂತೆಯೇ ಇನ್ನೂ ಕೆಲವರು. ಕೊಳ್ಳುವವರು ತಮ್ಮ ಬಾಗಿಲಿಗೆ ಬಂದಾಗ ಅವರನ್ನು ನೆರೆಮನೆಗೂ ಕಳುಹಿಸುವುದು, ವರ್ಷಕ್ಕೊಂದು ದಿನ ತಮ್ಮ ಹೊಲದಂಗಳದಲ್ಲಿಯೇ ಸುತ್ತಲಿನ ಕುಶಲಿಗಳನ್ನೆಲ್ಲ ಕೂಡಿಸಿ ಜಾತ್ರೆಯಂತೆ ಮಾರಾಟ ನಡೆಸುವುದು. ಆಡ್ಕಿನ್ಸ್ ದಂಪತಿಗಳು ಹೀಗೆ ನಡೆದುಕೊಂಡರು. 'ಹಳ್ಳಿಯಲ್ಲೊಂದು ದಿನ' ಎಂಬರ್ಥದ ಹೆಸರಿನ ಆ ಸಂತೆಯು ಬೆಳೆದು ಆಮೇಲೆ ಮೋರ್‌ಹೆಡ್ ಪಟ್ಟಣಕ್ಕೆ ಹೋಯಿತು. ಗಿರಾಕಿಯನ್ನು ಪಕ್ಕದ ಅಂಗಡಿಗೆ ತೋರಿಸುವ ವ್ಯಾಪಾರಿಯನ್ನು ನಾನು ನಮ್ಮ ಪೇಟೆಯಲ್ಲಿ ಕಂಡಿಲ್ಲ.

ಬಾರ್ಕರರ ಪ್ರಾಣಿಗಳನ್ನು ಆಡ್ಕಿನ್ಸರ ಪ್ರಾಣಿಗಳ ಪಕ್ಕದಲ್ಲಿಟ್ಟು ನೋಡುವುದು ಬಹಳ ಬೋಧಪ್ರದ. ಬಾರ್ಕರರದು ಲಿಂಡನ್ ಮರ. ಬಿಳುಪು, ಮೃದು, ಎಳೆ ಕಾಣದಷ್ಟು ನಯ. ಅವರು ಬಣ್ಣ ಹಚ್ಚಲಿಲ್ಲ. ಕಾರ್ಖಾನೆಯಲ್ಲಿ ಲೋಹವನ್ನು ಕಂಡ ಕೈಯಾದ್ದರಿಂದಲೋ ಏನೋ, ಉಜ್ಜಿ ಉಜ್ಜಿ ಪ್ರಾಣಿಯ ಮೈಯಲ್ಲಿ ಚಾಕುವಿನ ಕಲೆಯೇ ಉಳಿಯದಂತೆ ಮಾಡಿದರು. ಅವುಗಳ ಒಡಲಿನ ಬಳುಕು ನೋಡಿದ ಕೂಡಲೆ ಮನಸ್ಸನ್ನು ಸೆಳೆಯುತ್ತದೆ. ಪಟ್ಟಣದ ಮನೆಯ ಮೇಜಿನ ಮೇಲೆ ಅವು ಚೆನ್ನಾಗಿ ಕಾಣುತ್ತವೆ. ಶಿಷ್ಯನು ಅನೇಕ ಅಂಶಗಳಲ್ಲಿ ಗುರುವನ್ನು ಮೀರಿದ್ದಾನೆಂದು ಒಪ್ಪಬೇಕು. ಆದರೂ ಎರಡರಲ್ಲೊಂದನ್ನು ಆರಿಸಿಕೊಳ್ಳೆಂದರೆ ನಾನು ಹುಂಜವನ್ನೇ ಆರಿಸುವೆನು. ಬಾರ್ಕರರ ಪ್ರಾಣಿಗಳಲ್ಲಿ ಮರವು ವಿಧೇಯವಾಗಿದೆ. ಹುಂಜದಲ್ಲಿ ಕೆತ್ತನೆಗಾರ್ತಿಗೂ ಮರಕ್ಕೂ ಒಂದು ಒಪ್ಪಂದವಾಗಿದೆ; ಯಾರು ಎಷ್ಟು ಬಿಟ್ಟುಕೊಟ್ಟರೆಂಬುದು ಕಣ್ಣಿಗೆ ಕಾಣುತ್ತದೆ.

ಗಾರ್ಲಂಡರ ವಿಷಯವನ್ನು ಎರಡು ಮಾತಿನಲ್ಲಿ ಹೇಳದೆ ಇದ್ದರೆ ತಪ್ಪಾಗುತ್ತದೆ. ಊರಿಗೆ ಮರಳಿದ ಮೇಲೆ ಅವರೂ ಮರಗೆಲಸದಲ್ಲಿ ಕೈಗೂಡಿಸಿದರು. ಹಲವು ಸಂಗ್ರಹಗಳಲ್ಲಿ ಇಬ್ಬರ ಹೆಸರೂ ಜೊತೆಯಾಗಿ ದಾಖಲಾಗಿದೆ. ಗಂಡನ ಕೆಲಸಕ್ಕೆ ಹೆಂಡತಿ ನೆರವಾಗಿ ಹೆಸರಿಲ್ಲದೆ ಹೋಗುವುದು ಲೋಕರೂಢಿ. ಇಲ್ಲಿ ಹೆಂಡತಿಯ ಕೈಗೆ ಗಂಡನು ನೆರವಾದನು, ಅವನ ಹೆಸರೂ ಉಳಿಯಿತು.

2016ರಲ್ಲಿ ಕೆಂಟಕಿಯ ವಿಶ್ವವಿದ್ಯಾನಿಲಯ ಮುದ್ರಣಾಲಯವು ಮೈಕ್ ನಾರಿಸ್ ಎಂಬುವರ ಶಿಶುಗೀತೆಗಳ ಪುಸ್ತಕವನ್ನು ಪ್ರಕಟಿಸಿತು. 'ಮಾಮಿ ಗೂಸ್' ಎಂದು ಅದರ ಹೆಸರು. ಬೆಟ್ಟದವರ ಮಾತಿನ ಧಾಟಿಯಲ್ಲಿಯೇ ಗೀತೆಗಳು. ಅದರಲ್ಲಿ ಚಿತ್ರಗಳಿಗೆ ಬದಲಾಗಿ ಆಡ್ಕಿನ್ಸರು ಕೆತ್ತಿದ ನೂರಕ್ಕೂ ಮಿಕ್ಕ ಬೊಂಬೆಗಳ ಛಾಯಾಚಿತ್ರಗಳಿವೆ. ಅವರಿಗಾಗ ಎ೦ಬತ್ತು ದಾಟಿದ ವಯಸ್ಸು. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ನಿಂತ ಪ್ರಾಣಿಗಳಿಗಿಂತ ಮಕ್ಕಳ ಪುಸ್ತಕದಲ್ಲಿ ಓಡಾಡುವ ಈ ಬೊಂಬೆಗಳ ನಡುವೆ ಅವರ ಕಲೆ ಹೆಚ್ಚು ನಿರಾಳವಾಗಿದೆ. ಕವಣೆ ಕೆತ್ತಿದ ಹುಡುಗಿಯ ಕೆಲಸವು ತಾನು ಹೊರಟ ಕಡೆಗೇ ಬಂದು ಸೇರಿದಂತೆ. ಅಂಥ ಛಾಯಾಚಿತ್ರಗಳಲ್ಲಿ ಬೊಂಬೆಗಳನ್ನು ಹತ್ತಿರದಿಂದ ನೋಡಿದರೆ, ಬಣ್ಣದ ಅಡಿಯಲ್ಲಿ ಚಾಕು ನಡೆದ ಚಪ್ಪಟೆಯ ಗುರುತುಗಳು ಕಾಣುತ್ತವೆ. ಅವನ್ನು ಉಜ್ಜಿ ಅಳಿಸುವುದಕ್ಕೆ ಆಕೆ ಮನಸ್ಸು ಮಾಡಲಿಲ್ಲ.